ಮಾರ್ಕೋನಹಳ್ಳಿ ಹಿನ್ನೀರಿಗೆ ಇಳಿದ ಟ್ರೇಲರ್ ಬಗ್ಗೆ ಓಬಳಯ್ಯನ ಹೇಳಿಕೆ

ನನ್ನ ಹೆಸರು ಓಬಳಯ್ಯ ಬಿನ್ ಲೇಟ್ ಕದರಯ್ಯ, ವಯಸ್ಸು 51 ವರ್ಷ, ಕಸುಬು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು, ವಿದ್ಯಾಭ್ಯಾಸ ನಾಲ್ಕನೇ ತರಗತಿ, ಅದರಲ್ಲೇ ಎರಡು ವರ್ಷ ಕೂತಿದ್ದೇನೆ. ವಾಸ ನಿಟ್ಟೂರು, ರೈಲ್ವೆ ಗೇಟಿನ ಹತ್ತಿರ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ. ಈ ದಿನ ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನಲ್ಲಿ ಟ್ರೇಲರ್ ಮುಳುಗಿದ ವಿಚಾರವಾಗಿ ಸಾಹೇಬರು ಕೇಳಿದ್ದಕ್ಕೆ, ನನಗೆ ಗೊತ್ತಿರುವಷ್ಟನ್ನು ಈ ಮೂಲಕ ತಿಳಿಸುತ್ತೇನೆ, ಅದೇನೆಂದರೆ:

ಗುಬ್ಬಿಯಲ್ಲಿ ಜನರೇಟರ್ ಬಾಡಿಗೆಗೆ ಕೊಡುವ ಅನಂತರಾಜುರವರು ನನಗೆ ಚಿಕ್ಕಂದಿನಿಂದ ಸ್ನೇಹಿತರು. ನಾನು ಶಾಮಿಯಾನ ಹಾಕಿದ ಮದುವೆಗೆ ಅವರ ಜನರೇಟರ್, ಅವರ ಜನರೇಟರ್ ಹೋದ ಕಡೆಗೆ ನನ್ನ ಶಾಮಿಯಾನ, ಹೀಗೇ ನಡೆದುಕೊಂಡು ಬಂದಿದೆ. ನನಗೆ ಕೈಗುಣ ಇದೆ ಎಂದು ನಮ್ಮ ಕಡೆ ಜನ ನಂಬಿದ್ದಾರೆ. ಯಾರೇ ಹೊಸ ಗಾಡಿ ತಂದರೂ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಮೊದಲ ಸಲ ಕೀ ತಿರುಗಿಸಿ ಹಣ್ಣಿನ ಮೇಲೆ ಗಾಡಿ ಹತ್ತಿಸಲು ನನ್ನನ್ನು ಕರೆಯುತ್ತಾರೆ. ಅನಂತರಾಜುರವರ ಮೊಪೆಡ್, ಆಟೋ, ಮಗಳ ಸ್ಕೂಟರ್, ಎಲ್ಲಕ್ಕೂ ಮೊದಲ ಕೈ ನನ್ನದೇ. ನಾನು ಕೈ ಹಾಕಿದ ಗಾಡಿಗಳಲ್ಲಿ ಒಂದು ಹಾಲಿನ ವ್ಯಾನ್ ಮಾತ್ರ ಹಳ್ಳಕ್ಕೆ ಬಿದ್ದಿದೆ. ಅದನ್ನು ಬೀಳಿಸಿದ್ದು ಡ್ರೈವರನ ನಿದ್ದೆ, ನನ್ನ ಕೈ ಅಲ್ಲ. ಇದೆಲ್ಲ ಕೇಸಿಗೆ ಬೇಕಾಗಿಲ್ಲ ಎಂದು ಸಾಹೇಬರು ಹೇಳಿದರು. ಬೇಕಾಗುತ್ತದೆ ಎಂದು ನಾನು ಹೇಳಿದ್ದರಿಂದ ಬರೆದುಕೊಂಡಿದ್ದಾರೆ.

ಜನರೇಟರಿನ ಟ್ರಾಲಿ ಎಳೆಯಲು ಪ್ರತಿ ಸಲ ಯಾರದೋ ಟ್ರ್ಯಾಕ್ಟರಿಗೆ ಕಾಯಬೇಕಾಗಿದ್ದರಿಂದ, ದಸರಾ ಕಳೆದ ಮೇಲೆ ಅನಂತರಾಜುರವರು ಸ್ವಂತಕ್ಕೆ ಒಂದು ಪಿಕಪ್ ತೆಗೆದುಕೊಳ್ಳಲು ತೀರ್ಮಾನಿಸಿದರು. ವಾರವೆಲ್ಲ ಟ್ರಾಲಿ ಎಳೆಯಬೇಕು, ಭಾನುವಾರ ಬೆಟ್ಟ, ಡ್ಯಾಮು ಎಂದು ತಿರುಗಲೂ ಆಗಬೇಕು, ಲಾರಿಯಷ್ಟು ದೊಡ್ಡದು ಬೇಡ, ಲಗೇಜ್ ಆಟೋದಷ್ಟು ಚಿಕ್ಕದೂ ಬೇಡ ಎಂಬುದು ಅವರ ಲೆಕ್ಕ. ನಾವಿಬ್ಬರೂ ಸೇರಿ ತುಮಕೂರಿಗೆ ಹೋಗಿ ಬಿ.ಎಚ್. ರಸ್ತೆಯ ಶೋರೂಮುಗಳಲ್ಲಿ ಗಾಡಿ ನೋಡಿದೆವು. ಪ್ರತಿಯೊಂದು ಗಾಡಿಯ ಕೆಳಗೂ ನಾನು ಮಲಗಿ ನೋಡಿದ್ದೇನೆ. ಒಂದು ಕಡೆ ನೆಲ ತಣ್ಣಗಿದ್ದುದರಿಂದ ಅಲ್ಲೇ ಕಣ್ಣು ಹತ್ತಿ, ಶೋರೂಮಿನ ಮೇಡಂ ಬಂದು ಎಬ್ಬಿಸಿದರು. ಅನಂತರಾಜುರವರು ಬಸ್ಸಿನಲ್ಲಿ ಗುಬ್ಬಿ ಬರುವವರೆಗೂ ನಗುತ್ತಿದ್ದರು.

ಕೊನೆಗೆ ನಾನು ಒಪ್ಪಿದ್ದು ಒಂದು ಬಿಳಿ ಗಾಡಿ. ಎರಡು ಬಾಗಿಲು, ಹಿಂದೆ ಸಾಮಾನು ತುಂಬುವ ತೊಟ್ಟಿ ಎಂಟು ಅಡಿಗಿಂತ ಉದ್ದ. ನನ್ನ ದೊಡ್ಡ ಕೊಪ್ಪರಿಗೆ, ಶಾಮಿಯಾನದ ಕಂಬ ಎಲ್ಲ ಹಿಡಿಸುತ್ತಿತ್ತು. ಮುಂದೆ ಇಬ್ಬರಿಗೆ ಮಾತ್ರ ಜಾಗ. ಅದೇ ನನಗೆ ಹೆಚ್ಚು ಹಿಡಿಸಿದ್ದು. ಅನಂತರಾಜುರವರೂ ಆ ಗಾಡಿಯ ಬಾನೆಟ್ ಮೇಲೆ ಕೈಯಾಡಿಸಿದ್ದರಿಂದ ಒಪ್ಪಿದ್ದಾರೆ ಎಂದು ತಿಳಿದುಕೊಂಡೆ.

ಆಮೇಲೆ ಎಳೆಯುವ ಕೊಕ್ಕೆ ಮಾಡಿಸಲು ವಿಚಾರಿಸಬೇಕೆಂದು ಅನಂತರಾಜುರವರು ಸತ್ಯಮಂಗಲದಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿರುವ ಸಂಗಮೇಶ್ ಎಂಬುವವರ ಹತ್ತಿರ ಹೋದರು. ಈ ದಿನ ದೂರು ಕೊಟ್ಟಿರುವವರು ಇವರೇ. ವಯಸ್ಸು ಸುಮಾರು 36. ಟ್ರೇಲರ್ ತಯಾರಿಸುತ್ತಾರೆ, ರಜೆ ಬಂದರೆ ಟೆಂಟ್ ಕಟ್ಟಿಕೊಂಡು ಕಾಡು, ಕೆರೆ ಎಂದು ಹೋಗುತ್ತಾರೆ. ಹಿಂದಿನ ಚಕ್ರ ಮಾತ್ರ ತಿರುಗುವ ಗಾಡಿ ಕೆರೆಯಂಗಳದ ಕೆಸರಿನಲ್ಲಿ ಎಮ್ಮೆ ಹಾಗೆ ಕೂತುಬಿಡುತ್ತದೆ, ನಾಲ್ಕು ಚಕ್ರಕ್ಕೂ ಎಳೆತ ಇರುವುದೇ ಬೇಕು, ಜನರೇಟರ್ ಒಂದೂವರೆ ಟನ್ ಇದ್ದರೆ ಅದಕ್ಕಿಂತ ಜಾಸ್ತಿ ಎಳೆಯುವ ಗಾಡಿ ತೆಗೆದುಕೊಳ್ಳಬೇಕು, ನಾಲ್ಕು ಬಾಗಿಲು ಇದ್ದರೆ ಹೆಂಡತಿ ಮಕ್ಕಳೂ ಬರಬಹುದು ಎಂದು ಇವರು ತಿಳಿಸಿದರಂತೆ. ಹೇಳಿದ್ದರಲ್ಲಿ ತಪ್ಪು ಏನೂ ಇರಲಿಲ್ಲ. ಅದೇ ನನಗೆ ಸರಿಬರಲಿಲ್ಲ. ಬಿಳಿ ಗಾಡಿ ಏನಾಯಿತು ಎಂದು ನಾನು ಕೇಳಿದಾಗ ಅನಂತರಾಜುರವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ:

"ಸಂಗಮೇಶ್ ಹೇಳೋದು ಕರೆಕ್ಟ್ ಕಣ್ಲಾ. ನೀನು ಕೊಪ್ಪರಿಗೆ ಹಿಡಿಸ್ತದಾ ಅಂತ ನೋಡ್ದೆ. ಅವ್ನು ಗಾಡಿ ನೋಡ್ದ."

ಅಂದಿನಿಂದ ನಾನು ಯಾವಾಗ ಫೋನ್ ಮಾಡಿದರೂ ಅನಂತರಾಜುರವರ ಫೋನ್ ಬಿಜಿ ಬರುತ್ತಿತ್ತು. ಯಾರ ಜೊತೆ ಎಂದು ನಾನು ಕೇಳುತ್ತಿರಲಿಲ್ಲ. ಅವರೇ ಹೇಳುತ್ತಿದ್ದರು. ಸಂಗಮೇಶ್‌ರವರು ಹಾಕುವಂಥದೇ ಟೋಪಿ ತಂದರು, ಅಂಥದೇ ಆರು ಜೇಬಿನ ಚಡ್ಡಿ ತಂದರು. ಐವತ್ತು ವರ್ಷದ ಗಂಡಸಿಗೆ ಆರು ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೆ ಏನಿರುತ್ತದೆ ಎಂದು ನಾನು ಎಲ್ಲರ ಮುಂದೆ ತಮಾಷೆ ಮಾಡಿದ್ದು ನಿಜ. ಎಲ್ಲರೂ ನಕ್ಕರು. ಅನಂತರಾಜುರವರು ನಗಲಿಲ್ಲ.

ದಿನಾಂಕ 08.11.2024 ಶುಕ್ರವಾರ ಗಾಡಿ ಕೊಡುವುದಾಗಿ ಶೋರೂಮಿನವರು ಹೇಳಿದ್ದರು. ಪೂಜೆ ಗುಬ್ಬಿ ಚನ್ನಬಸವೇಶ್ವರಸ್ವಾಮಿ ದೇವಸ್ಥಾನದ ಮುಂದೆ ಎಂದು ನನಗೆ ತಿಳಿಸಿದ್ದರಿಂದ, ಬೆಳಿಗ್ಗೆ 10 ಗಂಟೆಗೆ ಒಗೆದ ಪಂಚೆ ಉಟ್ಟು, ನಿಂಬೆಹಣ್ಣು, ಹಾರ, ಒಂದು ಬೂದುಗುಂಬಳಕಾಯಿ ಹಿಡಿದುಕೊಂಡು ನಿಂತಿದ್ದೆ. ಮಧ್ಯಾಹ್ನ 12.15ಕ್ಕೆ ಗಾಡಿ ಬಂತು. ಬೂದಿ ಬಣ್ಣ, ನಾಲ್ಕು ಬಾಗಿಲು. ಸಂಗಮೇಶ್‌ರವರು ಓಡಿಸುತ್ತಿದ್ದರು. ಮುಂದಿನ ಟೈರಿಗೆ ನಿಂಬೆಹಣ್ಣಿನ ಸಿಪ್ಪೆ ಆಗಲೇ ಅಂಟಿಕೊಂಡಿತ್ತು. ಶೋರೂಮಿನಲ್ಲೇ ಪೂಜೆ ಮಾಡಿಬಿಟ್ಟರು, ರಾಹುಕಾಲ ಬರುವುದರೊಳಗೆ ಗಾಡಿ ಈಚೆಗೆ ತೆಗೆಯಬೇಕಾಗಿತ್ತು, ಕೀ ಸಂಗಮೇಶ್ ಕೈಯಲ್ಲಿತ್ತು, ಬೇಜಾರು ಮಾಡಿಕೊಳ್ಳಬೇಡ ಎಂದು ಅನಂತರಾಜುರವರು ಇಳಿದು ಬಂದು ಹೇಳಿದರು. ಬೇಜಾರು ಯಾಕೆ, ಈ ಕುಂಬಳಕಾಯಿ ನಾನು ಹುಳಿಗೆ ಅಂತ ತಗೊಂಡಿದ್ದು ಎಂದು ನಾನು ಹೇಳಿದೆ. ಅದಕ್ಕೂ ಎಲ್ಲರೂ ನಕ್ಕರು. ಮನೆಯಲ್ಲಿ ನನ್ನ ಹೆಂಡತಿ ಚಿಕ್ಕಗಂಗಮ್ಮ ನಿಜವಾಗಿಯೂ ಅದರಲ್ಲಿ ಹುಳಿ ಮಾಡಿದಳು. ನಾನು ಆ ದಿನ ಬರೀ ಮಜ್ಜಿಗೆ ಅನ್ನ ಊಟ ಮಾಡಿದೆ.

ಈ ದಿನ ಭಾನುವಾರ ಮಾರ್ಕೋನಹಳ್ಳಿಗೆ ಹೋಗಿ ಜಾಗ ನೋಡಿಕೊಂಡು, ಅಲ್ಲೇ ಅಡುಗೆ ಮಾಡಿ ಉಂಡು ಬರೋಣ, ಮುಂದಿನ ಸಲ ಮನೆಯವರನ್ನೆಲ್ಲ ಕರೆತರೋಣ ಎಂದು ಅನಂತರಾಜುರವರು ನನ್ನನ್ನೂ ಕರೆದರು. ಬೆಳಿಗ್ಗೆ 7.10ಕ್ಕೆ ನಿಟ್ಟೂರಿನಿಂದ ಹೊರಟೆವು. ಗಾಡಿಯ ಹಿಂದೆ ಸಂಗಮೇಶ್‌ರವರು ತಯಾರಿಸಿದ ಎರಡು ಚಕ್ರದ ಟ್ರೇಲರ್, ಅದರಲ್ಲಿ ಟೆಂಟ್, ಬ್ಯಾಟರಿ, ಸ್ಪೀಕರ್ ಇದ್ದವು. ಅನಂತರಾಜುರವರು ಓಡಿಸುತ್ತಿದ್ದರು, ಪಕ್ಕದಲ್ಲಿ ಸಂಗಮೇಶ್‌ರವರು. ನಾನು ಹಿಂದಿನ ಸೀಟಿನಲ್ಲಿ ಗ್ಯಾಸ್ ಸ್ಟೌ ಮತ್ತು ಈರುಳ್ಳಿ ಚೀಲದ ಜೊತೆ ಕೂತಿದ್ದೆ. ಸೀಟು ಮೆತ್ತಗಿದೆ, ಅದರ ಬಗ್ಗೆ ನನ್ನ ತಕರಾರು ಇಲ್ಲ. ಸಿ.ಎಸ್. ಪುರ ದಾಟುವವರೆಗೂ ಅವರಿಬ್ಬರೂ ಟೈರಿನ ಗಾಳಿಯ ವಿಚಾರ ಮಾತನಾಡಿದರು. ನಾನು ಎರಡು ಜೋಕು ಹೇಳಿದೆ. ಮುಂದಿನವರಿಗೆ ಕೇಳಿಸಲಿಲ್ಲ.

ಯಡಿಯೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ದೇವಸ್ಥಾನದ ಹತ್ತಿರ ನಾನು ಒಂದು ಗುಡ್ಡೆ ನಿಂಬೆಹಣ್ಣು ಕೊಂಡೆ. ಗುಡ್ಡೆಗೆ ಆರು. ನನಗೆ ಬೇಕಾಗಿದ್ದು ನಾಲ್ಕೇ.

9.50ಕ್ಕೆ ಹಿನ್ನೀರಿನ ಹತ್ತಿರ ತಲುಪಿದೆವು. ನೀರಿನಿಂದ ಸುಮಾರು ಮೂವತ್ತು ಅಡಿ ಮೇಲೆ, ಇಳಿಜಾರಿನಲ್ಲಿ, ಸಂಗಮೇಶ್‌ರವರು ಟ್ರೇಲರನ್ನು ಗಾಡಿಯಿಂದ ಬಿಚ್ಚಿ ನಿಲ್ಲಿಸಿ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟರು. ಗಾಡಿಯನ್ನು ಪಕ್ಕದಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದರು. 11.20ಕ್ಕೆ ಸಂಗಮೇಶ್‌ರವರು ಫೋಟೋ ತೆಗೆಯುತ್ತೇನೆಂದು ದಂಡೆಯ ಮೇಲೆ ಆ ಕಡೆ ಹೋದರು. ಅನಂತರಾಜುರವರು ಹುಣಸೆಮರದ ಕೆಳಗೆ ಚಾಪೆ ಹಾಸಿ, ಸ್ಟೌ ಹಚ್ಚಿ ಅಡುಗೆಗೆ ಕೂತಿದ್ದರು. ಅಲ್ಲಿಂದ ಗಾಡಿಗೂ ಟ್ರೇಲರಿಗೂ ಇಪ್ಪತ್ತು ಅಡಿ ಇರಬಹುದು, ಮಧ್ಯೆ ಒಂದು ಗಿಡವೂ ಇಲ್ಲ.

ಕೀ ಚಾಪೆಯ ಮೇಲೆ ಬಿದ್ದಿತ್ತು. ನಾನು ತೆಗೆದುಕೊಂಡೆ. ಗಾಡಿಯ ನಾಲ್ಕೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟೆ. ಇನ್ನೊಬ್ಬರ ಕೈ ಮೊದಲು ಬಿದ್ದಿದ್ದರೂ ಅದರ ಮೇಲೆ ನನ್ನ ಕೈ ಬಿದ್ದರೆ ಹಿಂದಿನದು ಕಳೆಯುತ್ತದೆ ಎಂದು ನನ್ನ ನಂಬಿಕೆ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಸಾಹೇಬರು ಕೇಳಿದರು. ಯಾವುದರಲ್ಲೂ ಇಲ್ಲ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು.

ಅನಂತರಾಜುರವರು ತಲೆ ಎತ್ತಿ ನನ್ನನ್ನು ನೋಡಿದರು.

"ಏನ್ಲಾ ಅದು, ಇನ್ನೊಂದ್ಸಲ ಪೂಜೆನಾ?"

"ಹೂಂ ಕಣೋ. ಆವತ್ತು ಬಾಕಿ ಆಗಿತ್ತಲ್ಲ."

ಅವರು ನಕ್ಕರು. ಬೇಡ ಎನ್ನಲಿಲ್ಲ. ನಾನು ಹತ್ತಿ ಕೂತು ಕೀ ತಿರುಗಿಸಿ, ಹಣ್ಣುಗಳ ಮೇಲೆ ಹತ್ತಿಸಿ ಹತ್ತಡಿ ಮುಂದೆ ಹೋಗಿ ನಿಲ್ಲಿಸಿದೆ. ಒಳ್ಳೆಯ ಗಾಡಿ. ಬಿಳಿಯದಕ್ಕಿಂತ ಒಳ್ಳೆಯದು. ಇಳಿದಾಗ ನನಗೆ ಸಮಾಧಾನವಾಗಿತ್ತು. ಕೀ ತಂದು ಚಾಪೆಯ ಮೇಲೆ ಇಟ್ಟೆ.

ಜೇಬಿನಲ್ಲಿ ಇನ್ನೂ ಎರಡು ಹಣ್ಣು ಇದ್ದವು. ಟ್ರೇಲರ್ ನಮ್ಮದಲ್ಲ, ಸಂಗಮೇಶ್‌ರವರದು. ಆದರೆ ಗಾಡಿಗೆ ಮಾತ್ರ ಮಾಡಿ ಅದನ್ನು ಬಿಟ್ಟರೆ, ನಾಳೆ ಅದಕ್ಕೆ ಏನಾದರೂ ಆದಾಗ ಓಬಳಯ್ಯನ ಕಣ್ಣು ಬಿತ್ತು ಎನ್ನುತ್ತಾರೆ ಎಂದು ಯೋಚನೆ ಬಂತು. ಇದಕ್ಕೂ ಇಡಲಾ ಎಂದು ಅನಂತರಾಜುರವರನ್ನು ಕೇಳಿದೆ. ಅವರು ಹೇಳಿದ ಮಾತು ಇದು, ಇದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು:

"ಅದುಕ್ಕೂ ಮಾಡ್ಬುಡು ಕಣ್ಲಾ, ಪಾಪ. ಅವ್ನದ್ದೂ ಚೆನ್ನಾಗಿರ್ಲಿ."

ಚಕ್ರದ ಕೆಳಗೆ ಕಲ್ಲು ಇದ್ದುದರಿಂದ ನಿಂಬೆಹಣ್ಣಿಗೆ ಜಾಗ ಇರಲಿಲ್ಲ. ಬಲಗಡೆಯ ಕಲ್ಲು ತೆಗೆದು ಆ ಜಾಗದಲ್ಲಿ ಹಣ್ಣು ಇಟ್ಟೆ. ಏನೂ ಆಗಲಿಲ್ಲ. ಎಡಗಡೆಯ ಕಲ್ಲು ತೆಗೆದು ಹಣ್ಣು ಇಟ್ಟೆ. ಎರಡೂ ಹಣ್ಣು ಒಟ್ಟಿಗೆ ಒಡೆದವು. ಪೂಜೆ ಸರಿಯಾಗಿಯೇ ಆಯಿತು. ಟ್ರೇಲರ್ ಮಾತ್ರ ನಿಲ್ಲಲಿಲ್ಲ. ನಾನು ಅದರ ಮುಂದಿನ ಕಬ್ಬಿಣದ ಸರಳು ಹಿಡಿದುಕೊಂಡೆ. ಅದು ನನ್ನನ್ನೂ ಎಳೆದುಕೊಂಡು ಹೋಯಿತು. ಎರಡೂ ಮಂಡಿ ತರಚಿವೆ, ಸಾಹೇಬರು ನೋಡಿದ್ದಾರೆ. ಎದೆಮಟ್ಟ ನೀರು ಬಂದ ಮೇಲೆ ಕೈ ಬಿಟ್ಟೆ. ಟ್ರೇಲರ್ ಮುಚ್ಚಳದವರೆಗೂ ಮುಳುಗಿತು.

ಸಂಗಮೇಶ್‌ರವರು ಓಡಿ ಬಂದು ದಂಡೆಯ ಮೇಲೆ ನಿಂತು ಏರುದನಿಯಲ್ಲಿ ಮಾತನಾಡಿದರು. ನಾನು ಬೇಕೆಂದೇ ಕಲ್ಲು ತೆಗೆದು ತಳ್ಳಿದ್ದೇನೆ, ಗಾಡಿ ತೆಗೆದುಕೊಂಡ ದಿನದಿಂದಲೂ ನನಗೆ ಹೊಟ್ಟೆಕಿಚ್ಚು, ಅದನ್ನು ಅವರು ನೋಡುತ್ತಲೇ ಬಂದಿದ್ದಾರೆ ಎಂದರು. ನೀರಿನಲ್ಲಿ ನಿಂತುಕೊಂಡೇ ನಾನು ಅನಂತರಾಜುರವರ ಕಡೆ ನೋಡಿದೆ. ಅವರು ಸೌಟು ಹಿಡಿದುಕೊಂಡು ನಿಂತಿದ್ದರು. ಆಮೇಲೆ ಬಗ್ಗಿ ಸ್ಟೌ ಆರಿಸಿದರು.

ಟ್ರೇಲರಿಗೆ ಹಗ್ಗ ಕಟ್ಟಲು ಮತ್ತೆ ನೀರಿಗೆ ಇಳಿದವನು ನಾನು. ಗಾಡಿಯಲ್ಲಿ ಎಳೆಯಲು ಅನಂತರಾಜುರವರು ಕೀ ಕೊಟ್ಟದ್ದು ಸಂಗಮೇಶ್‌ರವರ ಕೈಗೆ. ನಾಲ್ಕು ಚಕ್ರವೂ ತಿರುಗುವ ಗಾಡಿಯಾದ್ದರಿಂದ ಒಂದೇ ಎಳೆತಕ್ಕೆ ಟ್ರೇಲರ್ ದಂಡೆಗೆ ಬಂತು. ಬಿಳಿ ಗಾಡಿ ಆಗಿದ್ದರೆ ಬರುತ್ತಿರಲಿಲ್ಲ. ಬ್ಯಾಟರಿ, ಸ್ಪೀಕರ್ ಹಾಳಾಗಿವೆ. ಅದರ ನಷ್ಟ ಕಟ್ಟಿಕೊಡಲು ನಾನು ಒಪ್ಪಿದ್ದೇನೆ, ಅದರಲ್ಲಿ ಮಾತಿಲ್ಲ.

ಸಂಗಮೇಶ್‌ರವರು ಫೋನ್ ಮಾಡಿದ ಮೇಲೆ ಪೊಲೀಸಿನವರು ಬಂದು ಅನಂತರಾಜುರವರನ್ನು ವಿಚಾರಿಸಿದಾಗ, ತಾನು ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣಲ್ಲಿ ನೀರು ತುಂಬಿತ್ತು, ಓಬಳಯ್ಯ ಏನು ಮಾಡಿದ ಎಂದು ನೋಡಿಲ್ಲ ಎಂದು ತಿಳಿಸಿದ್ದಾರೆ. ಇದು ನನ್ನ ಎದುರಿಗೇ ಹೇಳಿದ್ದು. ಆ ಹೊತ್ತಿಗೆ ಈರುಳ್ಳಿ ಆಗಲೇ ಎಣ್ಣೆಯಲ್ಲಿ ಕೆಂಪಗಾಗುತ್ತಿತ್ತು. ವಾಸನೆ ನನ್ನ ಮೂಗಿಗೆ ಬಂದಿತ್ತು. ನೋಡಿದೆ ಎಂದು ಹೇಳಿದರೆ, ಅಲ್ಲೇ ಕೂತಿದ್ದು ಯಾಕೆ ತಡೆಯಲಿಲ್ಲ ಎಂದು ಸಂಗಮೇಶ್‌ರವರು ಕೇಳುತ್ತಾರೆ ಎಂಬುದು ಅವರಿಗಿರುವ ಭಯ ಎಂದು ನನ್ನ ಅನಿಸಿಕೆ.

ಹೊಟ್ಟೆಕಿಚ್ಚು ಇತ್ತೇ ಎಂದು ಸಾಹೇಬರು ಕೇಳಿದ್ದಕ್ಕೆ, ಇತ್ತು, ಈಗಲೂ ಇದೆ ಎಂದು ಹೇಳಿದ್ದೇನೆ. ಅದನ್ನು ಬರೆದುಕೊಳ್ಳಲು ನನ್ನ ಅಡ್ಡಿ ಇಲ್ಲ. ತಳ್ಳಿದೆಯಾ ಎಂದು ಕೇಳಿದ್ದಕ್ಕೆ, ಇಲ್ಲ ಎಂದು ಹೇಳಿದ್ದೇನೆ.

ನನ್ನದು ಒಂದೇ ಕೋರಿಕೆ. ಅನಂತರಾಜುರವರು ಈಗ ಠಾಣೆಯ ಹೊರಗೆ ಗಾಡಿಯಲ್ಲಿ ಕೂತಿದ್ದಾರೆ, ಕಿಟಕಿಯಿಂದ ಕಾಣುತ್ತದೆ. ಪಕ್ಕದಲ್ಲಿ ಸಂಗಮೇಶ್‌ರವರೂ ಕೂತಿದ್ದಾರೆ. ಅನಂತನನ್ನು ಒಬ್ಬನನ್ನೇ ಒಳಗೆ ಕರೆಸಿ, ನನ್ನ ಎದುರಿಗೆ ಕೂರಿಸಿ, ಇನ್ನೊಂದು ಸಲ ಕೇಳಬೇಕು. ನನ್ನ ಮುಖ ನೋಡಿಕೊಂಡು ಆಗಲೂ ಅವನು ನೋಡಿಲ್ಲ ಎಂದರೆ, ನಾನೇ ತಳ್ಳಿದೆ ಎಂದು ಬರೆದುಕೊಳ್ಳಿ. ಅದಕ್ಕೂ ನಾನು ಸಹಿ ಹಾಕುತ್ತೇನೆ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೆಚ್ಚು ಕಡಿಮೆ ಇಲ್ಲ.

ಸ್ಥಳ: ಪೊಲೀಸ್ ಠಾಣೆ, ಕುಣಿಗಲ್ ತಾಲ್ಲೂಕು
ದಿನಾಂಕ: 17.11.2024, ಸಂಜೆ 5.40

ಸಹಿ
(ಓಬಳಯ್ಯ)