ಇದನ್ನು ತೆಗೆಯಬೇಡಿ

ನಂಬಲ್ಲ ಅಲ್ವಾ? ನಂಬಬೇಡಿ ಅಕ್ಕ, ನಂಬಲೇಬೇಡಿ! ಹನ್ನೊಂದು ಕಂಪ್ಯೂಟರ್, ಎರಡು ದಿನ, ಒಬ್ಬನೇ ಒಬ್ಬ! ಇಡೀ ಪ್ರೆಸ್ಸನ್ನು ದುಡ್ಡಿನ ಸಾಫ್ಟ್‌ವೇರಿನಿಂದ ಬೇರುಸಮೇತ ಕಿತ್ತು ಮುಕ್ತ ತಂತ್ರಾಂಶದಲ್ಲಿ ನೆಟ್ಟ ಮಹಾನುಭಾವ ನಿಮ್ಮೆದುರಿಗೇ ಕೂತಿದ್ದಾನೆ. ನಿಮ್ಮ ಈ ಮುದಿ ಕಂಪ್ಯೂಟರ್ ನನಗ್ಯಾವ ಲೆಕ್ಕ? ಎಡಗೈ ಕೆಲಸ. ಪರದೆ ಮೇಲಿನ ಆ ನೀಲಿ ಗೆರೆ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟರೆ ಮುಗೀತು... ಯಾಕೆ ನಗ್ತೀರಿ? ಹೌದು, ಅರ್ಧ ಗಂಟೆಯಿಂದ ಅಲ್ಲೇ ನಿಂತಿದೆ. ನಿಲ್ಲಲಿ ಬಿಡಿ, ಅದಕ್ಕೂ ಸುಸ್ತಾಗಲ್ವಾ?

ಆ ಕಟ್ಟು ಸ್ವಲ್ಪ ಆಚೆ ಸರಿಸ್ತೀರಾ? ಮೌಸ್ ಆಡಿಸೋಕೆ ಜಾಗ ಇಲ್ಲ. ಏನದು, ಹಸ್ತಪ್ರತಿಯಾ? ಪ್ರಕಾಶಕರು ಪ್ರೂಫ್ ನೋಡೋಕೆ ಕಳಿಸಿದ್ದಾ? ಭೇಷ್! ಮತ್ತೆ ಈ ದಾರ ಯಾಕೆ... ವಾಪಸ್ ಕಳಿಸ್ತಿದ್ದೀರಾ? ಯಾಕೆ? ಕಣ್ಣಾ? ನಿಮ್ಮ ಕಣ್ಣಿಗೇನು ದಾಡಿ! ಇಪ್ಪತ್ತೆರಡು ವರ್ಷ ನಮ್ಮ ಪ್ರೆಸ್ಸಿನಲ್ಲಿ ಒಂದು ಅಲ್ಪವಿರಾಮಕ್ಕೂ ತಪ್ಪಿಸಿಕೊಳ್ಳೋಕೆ ಬಿಡದ ಪ್ರೂಫ್ ಅಕ್ಕ ನೀವು. ಒಂದು ಪುಸ್ತಕದಲ್ಲಿ ತಪ್ಪು ಉಳೀತು, ಯಜಮಾನರು ಮನೆಗೆ ಕಳಿಸಿದರು. ಅಷ್ಟಕ್ಕೇ ಮನೆ ಬಾಗಿಲಿಗೆ ಬಂದ ಕೆಲಸ ಹಿಂದಕ್ಕೆ ಕಳಿಸೋದಾ? ಬೇಡ ಅಕ್ಕ. ನಿಮ್ಮ ಕಣ್ಣು ಚೆನ್ನಾಗಿದೆ. ನನಗೆ ಹೇಗೆ ಗೊತ್ತಾ? ಗೊತ್ತು, ಅಷ್ಟೇ.

ಹಾಗೆ ನೋಡಬೇಡಿ. ಇರಿ, ನಗು ಬರೋ ವಿಷಯ ಹೇಳ್ತೀನಿ.

ಆ ದೊಡ್ಡ ಸಾಫ್ಟ್‌ವೇರ್ ಕಂಪನಿಯ ನೋಟೀಸು ಬಂದ ದಿನ ನೀವು ರಜೆ. ‘ನಿಮ್ಮಲ್ಲಿರೋದೆಲ್ಲ ಕದ್ದ ಪ್ರತಿಗಳು, ಸೋಮವಾರ ತಪಾಸಣೆಗೆ ಬರ್ತೀವಿ’ ಅಂತ. ಯಜಮಾನರ ಮುಖ ಬ್ಲೀಚಿಂಗ್ ಪೌಡರ್! ಆಗ ನಾನು ಎದ್ದು ನಿಂತೆ. ಎದೆ ತಟ್ಟಿಕೊಂಡೇ ನಿಂತೆ ಅಕ್ಕ, ಸುಳ್ಳು ಯಾಕೆ ಹೇಳಲಿ. ‘ನಾನು ಹಳ್ಳಿಯವನು, ನಮ್ಮೂರಿಗೆ ಮೊದಲ ಕಂಪ್ಯೂಟರ್ ಬಂದಾಗ ಪ್ಲಗ್ಗು ಹಾಕಿದವನೇ ನಾನು’ ಅಂದೆ. ಆನ್ ಮಾಡಿದವರು ಬೇರೆ. ಪ್ಲಗ್ಗು ಮಾತ್ರ ನಾನೇ.

‘ಬರೆಯೋಕೆ ಲಿಬ್ರೆಆಫೀಸ್ ಇದೆ, ಚಿತ್ರಕ್ಕೆ ಗಿಂಪ್ ಇದೆ, ಇಂಕ್‌ಸ್ಕೇಪ್ ಇದೆ, ಪುಟ ಕಟ್ಟೋಕೆ ಸ್ಕ್ರೈಬಸ್ ಇದೆ, ಒಂದಕ್ಕೂ ದುಡ್ಡು ಕೊಡಬೇಕಾಗಿಲ್ಲ’ ಅಂದೆ. ಯಜಮಾನರು ‘ಪುಕ್ಸಟ್ಟೆನಾ?’ ಅಂದರು. ‘ಪುಕ್ಸಟ್ಟೆ ಅಲ್ಲ ಯಜಮಾನ್ರೇ, ಮುಕ್ತ! ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಮುಚ್ಚುಮರೆ ಅನ್ನೋದೇ ಇಲ್ಲ’ ಅಂತ ಭಾಷಣ ಬಿಗಿದೆ. ಬೈಂಡಿಂಗ್ ಮಾಮ ಚಪ್ಪಾಳೆ ತಟ್ಟಿದರು. ಅವತ್ತಿಂದ ಪ್ರೆಸ್ಸಿನಲ್ಲಿ ನನ್ನ ಹೆಸರೇ ಪುಕ್ಸಟ್ಟೆ! ‘ಏ ಪುಕ್ಸಟ್ಟೆ, ಟೀ ಬಂತು ಬಾರೋ.’ ಅಷ್ಟು ದೊಡ್ಡ ಭಾಷಣಕ್ಕೆ ಅಷ್ಟೇ ಬಿರುದು.

ನಗ್ತಿದ್ದೀರಿ, ಹಾ, ನಗಿ! ಗಿಂಪ್ ತೆರೆದಾಗ ಅದರ ಮುದ್ರೆಯ ಪ್ರಾಣಿ ನೋಡಿ ಯಜಮಾನರು ‘ಇದ್ಯಾರ ಮನೆ ನಾಯಿನೋ, ಬಾಯಲ್ಲಿ ಬ್ರಷ್ ಕಚ್ಕೊಂಡಿದೆ’ ಅಂದರು. ಅದು ನಾಯಿನಾ ನರಿನಾ ನನಗೂ ಗೊತ್ತಿರಲಿಲ್ಲ. ‘ಅದು ಅಂತರರಾಷ್ಟ್ರೀಯ ಪ್ರಾಣಿ’ ಅಂದುಬಿಟ್ಟೆ!

...ಆ ತಪ್ಪು ಉಳಿದ ಮೇಷ್ಟ್ರ ಪುಸ್ತಕನಾ? ಅದರ ಮಾತು ಈಗ್ಯಾಕೆ ಅಕ್ಕ.

ಸರಿ. ಹೇಳ್ತೀನಿ. ನಮ್ಮ ಹಳೇ ಕಡತಗಳೆಲ್ಲ ಹಳೇ ಫಾಂಟಿನಲ್ಲಿದ್ದವಲ್ಲ, ಹೊಸದರಲ್ಲಿ ತೆರೆದರೆ ಬರೀ ಕಾಗೆಕಾಲು ಗುಬ್ಬಿಕಾಲು. ಅವನ್ನು ಬದಲಾಯಿಸೋಕೂ ಒಂದು ಮುಕ್ತ ಪ್ರೋಗ್ರಾಮು ಸಿಕ್ತು. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟಿದ್ದು. ಚಿನ್ನದಂಥ ಪ್ರೋಗ್ರಾಮು, ಅದರ ಮೇಲೆ ಒಂದು ಮಾತೂ ಆಡಲ್ಲ ನಾನು. ಸ್ವಲ್ಪ ನಿಧಾನ, ಅಷ್ಟೇ. ನಾನು ಸುಮ್ಮನಿರ್ತೀನಾ? ಒಳಗೆ ಇಣುಕಿದೆ. ಇಣುಕಬಹುದಲ್ಲ, ಮುಕ್ತ! ಕೋಡಿನ ನಡುವೆ ಹದಿನೆಂಟು ಸಾಲು. ಅರ್ಕಾವತ್ತಿಗೆ ಸಂಬಂಧಪಟ್ಟಿದ್ದು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಕೂತಿರುತ್ತೆ, ಹೊಸದರಲ್ಲಿ ಅದನ್ನು ಎತ್ತಿ ಅಕ್ಷರಕ್ಕಿಂತ ಮೊದಲು ಕೂರಿಸಬೇಕು. ಧರ್ಮ, ವರ್ಷ ಇಂಥವಕ್ಕೆ ಬೇರೆ ಸಾಲುಗಳಿದ್ದವು. ಈ ಹದಿನೆಂಟು ಸಾಲು, ಅರ್ಕಾವತ್ತಿನ ಜೊತೆ ಅಡಿಯಲ್ಲಿ ಇನ್ನೊಂದು ಒತ್ತೂ ಇರೋ ಮೂರಂತಸ್ತಿನ ಅಕ್ಷರಗಳಿಗೆ. ಆ ಸಾಲುಗಳ ತಲೆಯ ಮೇಲೆ ಬರೆದಿತ್ತು: ‘ಇದನ್ನು ತೆಗೆಯಬೇಡಿ’.

ಹೌದು, ಓದಿದೆ. ಎರಡು ಸಲ ಓದಿದೆ. ಬೇರೆ ಯಾರಿಗೋ ಬರೆದಿದ್ದಾರೆ ಅಂದುಕೊಂಡೆ. ಮೂರಂತಸ್ತಿನ ಅಕ್ಷರ ಯಾರು ಬರೀತಾರೆ ಈ ಕಾಲದಲ್ಲಿ, ದಂಡಪಿಂಡ ಸಾಲುಗಳು ಅಂತ ಹದಿನೆಂಟನ್ನೂ ಕಿತ್ತು ಬಿಸಾಕಿದೆ. ಏನು ವೇಗ ಅಕ್ಕ! ಕುದುರೆ! ಬೈಂಡಿಂಗ್ ಮಾಮನ್ನ ಕರೆದು ತೋರಿಸಿದೆ. ‘ಏನು ಓಡ್ತಾ ಇದೆಯಪ್ಪ?’ ಅಂದರು ಪಾಪ.

ಅಲ್ಲ, ಅಲ್ಲ. ನೀವು ಪ್ರೂಫ್ ನೋಡಿದ್ದು ಅದಕ್ಕೆ ಮೊದಲು. ಹಳೇ ಸಾಫ್ಟ್‌ವೇರಿನಲ್ಲೇ ಅಚ್ಚು ತೆಗೆದ ಹಾಳೆಗಳು. ಶುಕ್ರವಾರ ಕೊನೇ ಪ್ರೂಫಿಗೆ ರುಜು ಹಾಕಿ ನನ್ನ ಮೇಜಿನ ಮೇಲಿಟ್ಟು ಹೋದಿರಿ. ಶನಿವಾರ ನಾನು ಕಡತ ಬದಲಾಯಿಸಿದೆ. ಪರೀಕ್ಷೆ ಮಾಡಲಿಲ್ಲ ಅನ್ನಬೇಡಿ, ಮಾಡಿದೆ! ಮೊದಲನೇ ಪುಟ ನೋಡಿದೆ. ಅದರಲ್ಲಿ ಒಂದು ಮೂರಂತಸ್ತೂ ಇರಲಿಲ್ಲ, ಏನು ಮಾಡೋಣ! ನೇರ ಅಚ್ಚಿಗೆ ಕಳಿಸಿದೆ.

ಬಿಡುಗಡೆ ದಿನ ನೀವು ಮುಂದಿನ ಸಾಲಲ್ಲೇ ಕೂತಿದ್ದಿರಿ. ನಲವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಮೇಷ್ಟ್ರು ಎದ್ದು ನಿಂತು ತಮ್ಮ ಬದುಕಿನ ಕಥೆ ತಾವೇ ಓದಿದರು. ‘ಪ್ರತಿ ಮಗುವಿಗೂ ತನ್ನದೇ ಆದ ಸಾಮಥ್ಯರ್...’ ಅಂತ ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು, ‘ಸಾಮಥ್ಯರ್’. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹದಿನಾಲ್ಕು ಕಡೆ ಇತ್ತಂತೆ. ಊರಿಗೆಲ್ಲ ನನ್ನ ಸಾಮರ್ಥ್ಯ ತೋರಿಸೋಕೆ ಹೋಗಿ ಆ ಪದದ ಮೂಳೆಯನ್ನೇ ಮುರಿದಿದ್ದೆ.

ಮಾರನೇ ದಿನ ಯಜಮಾನರ ಕೋಣೆಯಲ್ಲಿ ನೀವು ಹೇಳಿದ್ದು ನನಗೆ ಕೇಳಿಸ್ತು. ಬಾಗಿಲು ಅರ್ಧ ತೆರೆದಿತ್ತು. ‘ಗೊತ್ತಿರೋ ಪದ ಅಂತ ಕಣ್ಣು ತಾನೇ ಸರಿಮಾಡಿಕೊಂಡು ಓದಿಬಿಟ್ಟಿರಬೇಕು, ನನ್ನದೇ ತಪ್ಪು’ ಅಂದಿರಿ. ಯಜಮಾನರು ‘ವಯಸ್ಸಾಯ್ತು ಅಕ್ಕ, ಕಣ್ಣು ತೋರಿಸಿಕೊಳ್ಳಿ, ಮನೇಲಿರಿ’ ಅಂದರು. ನಾನು ಹೊರಗೆ ಕೀಬೋರ್ಡ್ ಒರೆಸ್ತಾ ಇದ್ದೆ. ಸ್ವಚ್ಛವಾಗಿರೋ ಕೀಬೋರ್ಡು! ಅದನ್ನೇ ತಿಕ್ಕಿ ತಿಕ್ಕಿ ಒರೆಸಿದೆ.

ಏನಾದರೂ ಬೈಯಿರಿ ಅಕ್ಕ. ನಾಲಾಯಕ್ ಅನ್ನಿ, ಮುಠ್ಠಾಳ ಅನ್ನಿ, ನಮ್ಮಮ್ಮ ಇದಕ್ಕಿಂತ ಚೆನ್ನಾಗಿ ಬೈತಾಳೆ.

ನೀವು ರುಜು ಹಾಕಿದ ಹಾಳೆಗಳಾ? ಇವೆ. ನನ್ನ ಡ್ರಾಯರಿನಲ್ಲಿ. ನೋಡಿದೆ, ಹದಿಮೂರು ಕಡೆ ‘ಸಾಮರ್ಥ್ಯ’ ಸರಿಯಾಗಿಯೇ ಇದೆ. ಉಳಿದ ಒಂದು ಕಡೆ ಟೈಪ್ ಮಾಡಿದವನು ‘ರ್’ ಬಿಟ್ಟಿದ್ದ, ಅದನ್ನೂ ನೀವು ಕೆಂಪು ಶಾಯಿಯಲ್ಲಿ ಹಾಕಿದ್ದೀರಿ. ಯಜಮಾನರಿಗೆ ತೋರಿಸಲಿಲ್ಲ. ಡ್ರಾಯರಿಗೆ ಬೀಗ ಹಾಕಿದೆ. ಹ್ಞೂಂ... ಮುಚ್ಚುಮರೆ ಅನ್ನೋದೇ ಇಲ್ಲ ಅಂತ ಭಾಷಣ ಬಿಗಿದವನೇ. ಬೀಗ ಕೂಡ ಹೊಸದು, ಆ ಹಾಳೆಗಳಿಗೆ ಅಂತಲೇ ತಂದಿದ್ದು.

ಬಿಚ್ಚಿ ಅಕ್ಕ, ಆ ಕಟ್ಟು ಬಿಚ್ಚಿ. ಕತ್ತರಿ ಕೊಡಲಾ? ಗಂಟು ಬಿಗಿಯಾಗಿದೆಯಾ? ಬಂತು, ಬಂತು. ಓದಿ. ನೋಡಿ, ಮೊದಲನೇ ಸಾಲಲ್ಲೇ ಹಿಡಿದುಬಿಟ್ಟಿರಿ! ಹೇಳಲಿಲ್ವಾ ನಾನು, ನಿಮ್ಮ ಕಣ್ಣಿಗೇನೂ ಆಗಿಲ್ಲ ಅಂತ?

ನಾಳೆ ಹಾಳೆಗಳನ್ನು ತಗೊಂಡು ಹೋಗಿ ಯಜಮಾನರ ಮುಂದಿಡ್ತೀನಿ. ನಿಜವಾಗಲೂ. ಇಷ್ಟು ದಿನ ಯಾಕೆ ಇಡಲಿಲ್ಲ ಅಂದರೆ... ಹೆದರಿಕೆ. ಇನ್ನೇನು. ಅಷ್ಟೇ.

ಅಷ್ಟೇ ಅಂದೆನಲ್ಲ! ಯಾಕೆ ಇನ್ನೂ ಹಾಗೇ ನೋಡ್ತೀರಿ? ಹಾಳೆಯ ಮೇಲಿಂದ ತಲೆಯೆತ್ತಿ ಹಾಗೆ ನೋಡಿದರೆ ನಾನೇ ಒಂದು ಪ್ರೂಫು ಅನ್ನೋ ಹಾಗೆ ಆಗುತ್ತೆ. ನೀವು ಕೆಲಸ ಬಿಟ್ಟ ವಾರವೇ ಯಜಮಾನರು ನನ್ನನ್ನು ಕರೆದರು. ಪ್ರೆಸ್ಸನ್ನು ಉಳಿಸಿದೆ ಅಂತ ಎಲ್ಲರೆದುರು ಬೆನ್ನು ತಟ್ಟಿದರು. ಆಮೇಲೆ... ಆಮೇಲೆ ಏನೂ ಇಲ್ಲ.

ಇದೆ. ನಿಮ್ಮ ಕೆಲಸವನ್ನು ನನಗೆ ಕೊಟ್ಟರು.