ನೀರು ಹೋಗುವ ಕಡೆ ಯಾರಿದ್ದಾರೆ?

ಪುಣ್ಯ ಮಾಡಲು ಹೋದಾಗಲೂ ಪಾಪ ಅಂಟಿಕೊಳ್ಳುತ್ತದೆ ಎಂದೆ. ಪ್ರವಚನ ಕೇಳಲು ಬಂದು ಹಿಂದೆ ಕೂತ ತಾಯಂದಿರು ಮುಖ ಮುಖ ನೋಡಿಕೊಂಡರು. ನಂಬಿಕೆ ಬರಲಿಲ್ಲವೇ? ಹಾಗಾದರೆ ಕೇಳಿ.

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ಯಾರಾದರೂ ಎದ್ದು, ‘ಅಯ್ಯೋ, ಅವರು ನಮ್ಮ ಭಾವನೋರು’ ಅಂತೀರಿ. ಅಕ್ಕಿ ಗಿರಣಿ, ಮಹಡಿ ಮನೆ, ಬಾಗಿಲಲ್ಲಿ ಕಾರು, ಎಲ್ಲ ಇತ್ತು. ನಿದ್ದೆ ಒಂದು ಇರಲಿಲ್ಲ. ಜೋಯಿಸರ ಹತ್ತಿರ ಹೋದ. ಅವರು ಕವಡೆ ಹಾಕಿ ನೋಡಿ, ‘ಶನಿ ಕಾಟ. ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆ ಅಲ್ಲೇ ಬಿಟ್ಟು ಬಾ’ ಎಂದರು.

ಒಂದು ಪಂಚೆ ಬಿಡುವುದೇ ಸರಿಯೋ ತಪ್ಪೋ, ಆ ಮಾತು ಆಮೇಲೆ. ಆದರೆ ನೋಡಿ, ಇವನು ಸಾಹುಕಾರ. ಪಾಪ ಬಿಡುವುದರಲ್ಲೂ ಧಾರಾಳ! ಅಟ್ಟ ಹತ್ತಿದ. ಹರಿದ ಕಂಬಳಿ, ಹಳೇ ಹಾಸಿಗೆ ಹೊದಿಕೆ, ಬಣ್ಣ ಹೋದ ಕಿಟಕಿ ಪರದೆ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಮೂಟೆ ಕಟ್ಟಿದ. ಹೆಂಡತಿ ಓಡಿ ಬಂದಳು.

‘ಅಲ್ರೀ, ಕಾಟ ಶನಿದು. ನನ್ನ ಪರದೆ ಏನ್ರೀ ಪಾಪ ಮಾಡಿತ್ತು? ಮದುವೆಯಾದ ಹೊಸದರಲ್ಲಿ ನಾನೇ ಕೂತು ಗಿಳಿ ಕಸೂತಿ ಹಾಕಿದ್ದು!’

‘ಸುಮ್ನಿರೇ. ಹೊಳೆ ಅಷ್ಟು ದೊಡ್ಡದಿದೆ. ನನ್ನೊಬ್ಬನಿಂದ ಏನಾಗುತ್ತೆ?’

ಈ ಮಾತು ನೆನಪಿಟ್ಟುಕೊಳ್ಳಿ. ನನ್ನೊಬ್ಬನಿಂದ ಏನಾಗುತ್ತೆ!

ಗಂಡ ಹೆಂಡತಿ ಇಬ್ಬರೂ ಹೊಳೆಗೆ ಹೋದರು. ಅಲ್ಲಿ ನೀರು ಬರುವ ಕಡೆ ಗಂಡಸರ ಮೆಟ್ಟಿಲು, ನೀರು ಹೋಗುವ ಕಡೆ ಹೆಂಗಸರ ಮೆಟ್ಟಿಲು. ಆಕೆ ಅತ್ತ ಹೋದಳು. ಇವನು ಇತ್ತ ನಿಂತು ಮೂಟೆಯನ್ನು ಎತ್ತಿ ನಡುನೀರಿಗೆ ಎಸೆದ. ಗಂಟು ಬಿಚ್ಚಿಕೊಂಡಿತು, ಎಲ್ಲ ಮುಳುಗಿತು. ಕಣ್ಣಿಗೆ ಕಾಣದಿದ್ದರೆ ಮುಗಿಯಿತು ತಾನೇ? ನಮ್ಮ ಲೆಕ್ಕವೂ ಅಷ್ಟೇ ಅಲ್ಲವೇ?

ಆಮೇಲೆ ಮೂಗು ಹಿಡಿದು ಒಂದು ಮುಳುಗು ಹಾಕಿದ. ಎದ್ದ. ತಲೆ ಮೇಲೆ ಏನೋ ಭಾರ. ಎಳೆದು ನೋಡಿದರೆ ಯಾರದೋ ಹಳೇ ಲುಂಗಿ!

‘ಥೂ! ಯಾವನ್ರೀ ಅವನು, ಬುದ್ಧಿಗೆಟ್ಟೋನು? ಹೊಳೆ ಏನು ಅವನಪ್ಪಂದಾ?’

ನೋಡಿ, ನೋಡಿ! ಮೂಟೆ ಎಸೆದ ಕೈ ಇನ್ನೂ ಒಣಗಿಲ್ಲ, ಬೈಗುಳ ಶುರುವಾಯಿತು. ಎರಡನೇ ಸಲ ಮುಳುಗಿ ಎದ್ದ. ಕತ್ತಿಗೆ ಪ್ಲಾಸ್ಟಿಕ್ ಕವರಿನ ಹಾರ, ಒಳಗೆ ಕೊಳೆತ ಸೇವಂತಿಗೆ. ಈಗ ಪಂಚಾಯಿತಿಯವರನ್ನು ಬೈದ, ಸರ್ಕಾರವನ್ನು ಬೈದ. ಮೂರನೇ ಮುಳುಗಿಗೆ ಮೂಗು ಹಿಡಿದಿದ್ದಾನೆ, ಅಷ್ಟರಲ್ಲಿ ಹೆಂಗಸರ ಮೆಟ್ಟಿಲಿನಿಂದ ಕೂಗು ಬಂತು. ‘ಅಯ್ಯಯ್ಯೋ, ಸಾಹುಕಾರ್ತಿ ಮುಳುಗಿದ್ರು! ಯಾರಾದ್ರೂ ಬನ್ರಪ್ಪಾ!’

ತಿರುಗಿ ನೋಡಿದರೆ ನೀರಿನ ಮೇಲೆ ಹೆಂಡತಿಯ ಕೈ ಮಾತ್ರ ಕಾಣುತ್ತಿದೆ, ಹಸಿರು ಬಳೆ ಕಾಣುತ್ತಿದೆ. ಸಾಹುಕಾರನಿಗೆ ಶನಿಯೂ ಮರೆತುಹೋಯಿತು, ಗಿರಣಿಯೂ ಮರೆತುಹೋಯಿತು. ಈಜು ಬಾರದವನು ಎದೆಮಟ್ಟದ ನೀರಲ್ಲಿ ಬಿದ್ದು ಎದ್ದು ಓಡಿದ. ಆ ಕೈ ಹಿಡಿದು ಎಳೆದ. ಬರಲಿಲ್ಲ! ಕಾಲನ್ನು ಯಾರೋ ಕೆಳಗಿನಿಂದ ಹಿಡಿದ ಹಾಗೆ ಬಿಗಿಯಾಗಿತ್ತು. ‘ದೇವರೇ, ಇವಳನ್ನ ಉಳಿಸಪ್ಪಾ, ಉಳಿದದ್ದೆಲ್ಲ ನೀನೇ ತಗೋ’ ಎಂದು ಅತ್ತೇಬಿಟ್ಟ. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ನೀರಿಗಿಳಿದು ಕೈ ಹಾಕಿದರು. ಅಂತೂ ಆಕೆಯನ್ನು ಮೆಟ್ಟಿಲಿಗೆ ತಂದು ಮಲಗಿಸಿದರು. ಕುಡಿದ ನೀರು ಕಾರಿ, ಕೆಮ್ಮಿ, ಆಕೆ ಕಣ್ಣು ಬಿಟ್ಟಳು. ಬದುಕಿದಳು.

ಆಮೇಲೆ ಎಲ್ಲರೂ ಅವಳ ಕಾಲು ನೋಡಿದರು. ತಳದ ಕಲ್ಲಿಗೂ ಸಿಕ್ಕಿ, ಎರಡೂ ಕಾಲಿಗೂ ಸುತ್ತಿಕೊಂಡಿದ್ದೇನು? ಗಿಳಿ ಕಸೂತಿಯ ಪರದೆ!

ಹೆಂಡತಿ ಗಿಳಿಯನ್ನು ನೋಡಿದಳು, ಗಂಡನನ್ನು ನೋಡಿದಳು.

‘ಪಾಪ ಬಿಟ್ಟು ಬರ್ತೀನಿ ಅಂತ ಬಂದು, ನನ್ನ ಕಾಲಿಗೇ ಕಟ್ಟಿದ್ರಲ್ರೀ!’

ಸಾಹುಕಾರ ಎದ್ದು ಮತ್ತೆ ನೀರಿಗಿಳಿದ. ತನ್ನ ಕಂಬಳಿ ತೆಗೆದ, ಹೊದಿಕೆ ತೆಗೆದ, ಬೈದು ಬಿಸಾಕಿದ್ದನಲ್ಲ, ಆ ಲುಂಗಿಯನ್ನೂ ತೆಗೆದ. ದಡದಲ್ಲಿ ನಿಂತವನೊಬ್ಬ ಕೇಳಿದ, ‘ಏನ್ ಸಾಹುಕಾರ್ರೇ, ಏನಾದ್ರೂ ಕಳಕೊಂಡ್ರಾ?’

‘ಕಳಕೊಂಡಿಲ್ಲ ಕಣಪ್ಪಾ. ಕಳಕೊಳ್ಳೋದ್ರಲ್ಲಿದ್ದೆ.’

ಮೂಟೆ ಹೋದದ್ದಕ್ಕಿಂತ ದೊಡ್ಡದಾಗಿ ಮನೆಗೆ ಬಂತು. ಶನಿ ಬಿಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ, ಹೆಂಡತಿ ಮಾತ್ರ ಬಿಡಲಿಲ್ಲ. ಆ ಪರದೆಯನ್ನು ಒಗೆದು, ಒಣಗಿಸಿ, ಅವನು ಮಲಗುವ ಕೋಣೆಯ ಕಿಟಕಿಗೇ ಕಟ್ಟಿದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಗಿಳಿ ದರ್ಶನ!

ನಗುತ್ತಿದ್ದೀರಿ. ನಗಿ, ನಗಿ, ನಾನೂ ನಗುತ್ತೇನೆ. ಆದರೆ ದೇವರಿಗೆ ಏರಿಸಿದ ಹೂವನ್ನು ಕವರಿನಲ್ಲಿ ಗಂಟು ಹಾಕಿ, ಸ್ಕೂಟರ್ ಕೂಡ ನಿಲ್ಲಿಸದೆ ಸೇತುವೆ ಮೇಲಿಂದ ಎಸೆದವರು ಯಾರು? ಗಾಜು ಒಡೆದ ದೇವರ ಪಟವನ್ನು ಅರಳಿಮರದ ಬುಡದಲ್ಲಿಟ್ಟು, ಹಿಂದೆ ನೋಡದೆ ಬಂದವರು ಯಾರು? ಹೂವು ಗಿಡದ ಬುಡಕ್ಕೆ ಹೋದರೆ ಗೊಬ್ಬರ. ಹೊಳೆಗೆ ಕವರಿನ ಸಮೇತ ಹೋದರೆ ಏನು? ಹಳೇ ಪಂಚೆ ನೆಲ ಒರೆಸಲು ಬರುವುದಿಲ್ಲವೇ? ಯಾಕ್ರೀ ತಾಯಿ, ತಲೆ ತಗ್ಗಿಸಿದಿರಿ? ನಾನು ಹೆಸರು ಹೇಳಲಿಲ್ಲವಲ್ಲ!

ಇನ್ನು ಮೇಲೆ ‘ನನ್ನೊಬ್ಬನಿಂದ ಏನಾಗುತ್ತೆ’ ಅನ್ನಬೇಡಿ. ಏನನ್ನಾದರೂ ಬಿಸಾಕಲು ಕೈ ಎತ್ತಿದಾಗ ಒಂದು ಗಳಿಗೆ ತಡೆದು ಕೇಳಿಕೊಳ್ಳಿ: ನೀರು ಹೋಗುವ ಕಡೆ ಯಾರಿದ್ದಾರೆ? ನಿಮ್ಮ ಮಗಳನ್ನು ಕೊಟ್ಟ ಊರು ಇದೇ ಹೊಳೆಯ ಕೆಳಗಡೆ ಇರಬಹುದು. ಮೊಮ್ಮಗು ಅದೇ ನೀರು ಕುಡಿಯುತ್ತಿರಬಹುದು.

ಸರಿ, ಅಡುಗೆ ಮನೆಯಿಂದ ಪಾಯಸದ ವಾಸನೆ ಬರುತ್ತಿದೆ, ನಿಮ್ಮ ಕಿವಿ ಇನ್ನು ನನ್ನ ಕಡೆ ಇರುವುದಿಲ್ಲ. ಹೊಟ್ಟೆ ತುಂಬ ಉಣ್ಣಿ. ಉಂಡ ಎಲೆಯನ್ನು ನೀವೇ ಎತ್ತಿ, ಹಿತ್ತಲಲ್ಲಿ ತೋಡಿಸಿರುವ ಗುಂಡಿಗೆ ಹಾಕಿ. ನೀರಿನ ಬಾಟಲಿ ತಂದವರು ಖಾಲಿ ಬಾಟಲಿಯನ್ನು ನಿಮ್ಮ ಚೀಲದಲ್ಲೇ ಮನೆಗೆ ಒಯ್ಯಿರಿ. ನೋಡಿ, ಬಾಗಿಲಲ್ಲಿ ನಾನೇ ನಿಂತಿರುತ್ತೇನೆ!