ಚಾಸಿಯೊಳಗಿನ ಬಟ್ಟೆ

...ಇಲ್ಲ ಅಕ್ಕ, ಅಲ್ಲೇ ನಿಲ್ಲು. ಗಾಡಿ ಕೆಳಗೆ ಬಗ್ಗಬೇಡ, ತುಕ್ಕಿನ ಪುಡಿ ಕಣ್ಣಿಗೆ ಬೀಳುತ್ತೆ. ನನ್ನ ಕಣ್ಣಾ? ನನ್ನದಕ್ಕೆ ಅಭ್ಯಾಸ ಆಗಿದೆ. ಇಪ್ಪತ್ತು ವರ್ಷದಿಂದ ವೆಲ್ಡಿಂಗ್ ಮಾಡ್ತಿದೀನಿ, ಕಣ್ಣಲ್ಲಿ ಈಗ ಅರ್ಧ ಕಬ್ಬಿಣಾನೇ ಇರೋದು. ಯಾಕೆ ನಗ್ತೀಯ? ನಿಜ ಹೇಳ್ದೆ.

ಕೇಳಿಸ್ಕೋ. ಸುತ್ತಿಗೇಲಿ ಇಲ್ಲಿ ಹೊಡೀತೀನಿ... ಠಣ್! ಗಟ್ಟಿ ಕಬ್ಬಿಣ. ಇಲ್ಲಿ... ಠಣ್! ಇಲ್ಲಿ... ಥಪ್. ಕೇಳಿಸ್ತಾ? ಥಪ್. ಒಳಗೆ ಏನೂ ಉಳಿದಿಲ್ಲ, ಬರೀ ತುಕ್ಕು. ಉದ್ದಕ್ಕೆ ಎರಡು ತೊಲೆ ಇದಾವಲ್ಲ, ಇದೇ ಚಾಸಿ. ಪಿಕಪ್ಪಿನ ಬೆನ್ನುಮೂಳೆ ಅನ್ನು. ಕ್ಯಾಬಿನ್ ಹಿಂದೆ, ಸರಿಯಾಗಿ ಇಲ್ಲೇ ಮುರಿದದ್ದು. ಕೊಳೆತ ಭಾಗ ಕತ್ತರಿಸಿ, ದಪ್ಪ ಪಟ್ಟಿ ಕೂರಿಸಿ, ಸುತ್ತ ವೆಲ್ಡ್ ಹೊಡೆದ್ರೆ ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ.

ಹೂಂ? ಎರಡು ವರ್ಷದ ಹಿಂದೇನೂ ಇದೇ ಮಾತು ಹೇಳಿದ್ನಾ? ಹೇಳಿರ್ತೀನಿ. ಆಗಲೂ ಇದೇ ಜಾಗಕ್ಕೆ ತಾನೇ ವೆಲ್ಡ್ ಮಾಡಿದ್ದು. ಭದ್ರವಾಗಿ ಮಾಡಿದ್ದೆ ಅಕ್ಕ! ಆದ್ರೆ ಓಡಿಸೋರು ನೋಡ್ಕೊಂಡು ಓಡಿಸಬೇಕಲ್ಲ. ಭಾವ ಒಳ್ಳೇವ್ರು, ದೇವರಂಥ ಮನುಷ್ಯ, ಒಪ್ಕೋತೀನಿ. ಸ್ಟೀರಿಂಗ್ ಹಿಡಿದ್ರೆ ಮಾತ್ರ ರಸ್ತೇಲಿ ಹಳ್ಳ ಇದೆಯೋ ಇಲ್ವೋ ನೋಡಲ್ಲ. ಮೇಲೆ ಇಟ್ಟಿಗೆ ಲೋಡು ಬೇರೆ. ನೀನು ಅವರ ಕೈಯಿಂದ ಗಾಡಿ ಬಿಡಿಸಿದ್ದು ಒಳ್ಳೇದೇ ಆಯ್ತು. ಈಗ ನಿನ್ನ ಟೈಲರ್ ಅಂಗಡೀಲಿ ಕೂತು ಅಂಗಿಗಳಿಗೆ ಗುಂಡಿ ಹಚ್ತಾರೆ. ನೆರಳಲ್ಲಿ ಮಾಡೋ ಕೆಲಸ. ಸೋಮವಾರದಿಂದ ನಾನು ಹೇಳಿದ ಡ್ರೈವರ್ ಬರ್ತಾನೆ, ಅಲ್ಲಿಗೆ ಮುಗೀತು.

ಏನು? ಗಾಡಿ ಮುರಿದಾಗಿಂದ, ಆರು ತಿಂಗಳು, ಭಾವ ಸರಿಯಾಗಿ ಮಾತೇ ಆಡಿಲ್ವಾ? ಆಡ್ತಾರೆ ಬಿಡು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಕೈ. ಸೂಜಿ ಹಿಡಿದ್ರೆ ಸ್ವಲ್ಪ ದಿನ ಹಾಗೇ ಇರುತ್ತೆ.

ಅಯ್ಯೋ, ಅದಕ್ಕೆ ಕೈ ಹಾಕಬೇಡ! ತೊಲೆ ಒಳಗೆ ಏನೂ ಇಲ್ಲ... ಅಕ್ಕ, ಕೈ ಕೊಯ್ಯುತ್ತೆ, ಬಿಡು ಅಂದ್ನಲ್ಲ!... ಎಳೆದೇ ಬಿಟ್ಟೆಯಾ.

ಬಟ್ಟೆ. ಹೌದು, ಬಟ್ಟೆ. ಇಲಿ ತಂದು ತುರುಕಿರುತ್ತೆ. ಗಾಡಿ ನಿಂತಲ್ಲೇ ನಿಂತ್ರೆ ಇಲಿಗಳು ಸಂಸಾರ ಹೂಡ್ತಾವೆ. ಅದಕ್ಕೆ ಮೆತ್ತಿರೋದಾ? ಅದು... ಪುಟ್ಟಿ, ತಗಡಿನ ತೂತು ಮುಚ್ಚೋಕೆ ಬಳೀತೀವಲ್ಲ, ಅದು. ಇಲಿಗೆ ಪುಟ್ಟಿ ಎಲ್ಲಿ ಸಿಕ್ತು ಅಂದ್ರೆ ನಾನೇನು ಹೇಳ್ಲಿ? ಇದು ಗ್ಯಾರೇಜು, ಎಲ್ಲಾ ಸಿಗುತ್ತೆ.

ಯಾಕೆ ತಿರುಗಿಸಿ ತಿರುಗಿಸಿ ನೋಡ್ತೀಯ? ಗಲೀಜು ಅದು, ಬಿಸಾಕು. ಹೊಲಿಗೇಲಿ ಏನಿದೆ?... ಜೇಬು. ಹೌದು, ಜೇಬು ಬಲಗಡೆ ಇದೆ. ಇದ್ರೆ? ಲೋಕದಲ್ಲಿ ಎಡಚ ನಾನೊಬ್ಬನೇನಾ? ಬೇರೆ ಎಡಚರಿಗೂ ಅವರವರ ಅಕ್ಕಂದಿರು ಬಲಗಡೆ ಜೇಬಿಟ್ಟು ಹೊಲಿದು ಕೊಟ್ಟಿರಬಹುದಲ್ಲ!

...ಅಕ್ಕ.

ಹೌದು, ನಂದೇ ಅಂಗಿ, ನೀನೇ ಹೊಲಿದದ್ದು. ಬೈಯಿ. ಆ ಸುತ್ತಿಗೆ ಬೇಕಾದ್ರೆ ತಗೋ.

ಎರಡು ವರ್ಷದ ಹಿಂದೆ, ಅವತ್ತು ವೆಲ್ಡ್ ಮಾಡೋಕೆ ಕರೆಂಟ್ ಇರ್ಲಿಲ್ಲ. ಭಾವನಿಗೆ ಮಾರನೇ ದಿನ ಗಾಡಿ ಬೇಕಿತ್ತು. ತೂತಿಗೆ ಹಳೇ ಅಂಗಿ ತುರುಕಿದೆ, ಮೇಲೆ ಪುಟ್ಟಿ ಬಳಿದೆ, ಕಪ್ಪು ಬಣ್ಣ ಹೊಡೆದೆ. ವಾರ ಬಿಟ್ಟು ಕರೆಸಿ ವೆಲ್ಡ್ ಮಾಡೋಣ ಅಂತ. ಆಮೇಲೆ ಮರೆತೆ... ಇಲ್ಲ, ಮರೀಲಿಲ್ಲ. ಬಣ್ಣ ಹೊಡೆದ ಮೇಲೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ, ನಂಗೇ ನಂಬಿಕೆ ಬಂದುಬಿಡ್ತು. ಮುರಿದ ದಿನ ರಸ್ತೇಲಿ ಮೊದಲು ಹೋಗಿ ನಿಂತವನು ನಾನೇ. ಮುರಿದ ಜಾಗದಲ್ಲಿ ಕಂಡಷ್ಟು ಚಿಂದೀನೆಲ್ಲ ಕಿತ್ತು ಜೇಬಿಗೆ ಹಾಕ್ಕೊಂಡೆ. ಭಾವನಿಗೆ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ನಂದೇ ತಪ್ಪಿರಬೇಕು ಕಣೋ" ಅಂದ್ರು. ನಾನು ಹೂಂ ಅಂದೆ. ನಾಚಿಕೆ ಆಗುತ್ತೆ ಅಕ್ಕ. ಅವತ್ತಿಂದ ಅವರ ಮುಖ ನೋಡೋಕೆ ಆಗಿಲ್ಲ ನಂಗೆ.

ಫೋನ್ ಯಾಕೆ ಕೊಡ್ತೀಯ? ಯಾರಿಗೆ ಮಾಡಿದೀಯ... ರಿಂಗ್ ಆಗ್ತಿದೆ... ಕೈಯೆಲ್ಲ ಕಪ್ಪಾಗಿದೆ, ಆಮೇಲೆ ಮಾಡೋಣ, ಅಕ್ಕ...

ಹಲೋ. ಭಾವ, ನಾನು. ಹೂಂ, ಅಕ್ಕ ಇಲ್ಲೇ ಇದಾಳೆ. ಅವಳೇ ಫೋನ್ ಹಚ್ಚಿ ಕೊಟ್ಟಿದ್ದು.

ಭಾವ... ಆ ಗಾಡಿ ನೀವು ಮುರೀಲಿಲ್ಲ.